ಕಿವಿಯಲ್ಲಿ ನಾಡಿ ಬಡಿತ: ಈ ವಯಸ್ಸಿನಲ್ಲಿ ಹೊಸ ರಕ್ತನಾಳ ಎಲ್ಲಿಂದ ಬಂತು?

ಈ ಸಲ ನನ್ನ ಮುಂದಿರುವ ಪತ್ರಗಳಲ್ಲಿ ಆರು ಒಂದೇ ಕಾಯಿಲೆಯ ಸುತ್ತ ಇವೆ. ಡ್ಯೂರಲ್ ಎವಿ ಫಿಸ್ಟುಲಾ ಅಂತ ಅದರ ಹೆಸರು. ಮೆದುಳಿನ ಹೊರ ಹೊದಿಕೆಯಲ್ಲಿ ಎರಡು ಬಗೆಯ ರಕ್ತನಾಳಗಳು ಸೇರಬಾರದ ಜಾಗದಲ್ಲಿ ಸೇರಿಕೊಳ್ಳುವುದು. ಅಪರೂಪದ ಕಾಯಿಲೆಯೇ. ಆದರೆ ಇಪ್ಪತ್ತೆರಡು ವರ್ಷದಿಂದ ನನ್ನ ಕೆಲಸ ಆಂಜಿಯೋಗ್ರಾಂ ಮೇಜಿನ ಪಕ್ಕದಲ್ಲೇ ನಡೆದಿದೆ, ಅಲ್ಲಿ ಇದನ್ನು ನೋಡದ ತಿಂಗಳು ಕಡಿಮೆ. ಹಾಗಾಗಿ ಈ ಕಂತನ್ನು ಪೂರ್ತಿ ಇದಕ್ಕೇ ಕೊಡುತ್ತಿದ್ದೇನೆ. ಬರೆದವರ ಹೆಸರು ಹಾಕಿಲ್ಲ.

ಪ್ರಶ್ನೆ: ಡಾಕ್ಟರೇ, ನನ್ನ ಹೆಂಡತಿಗೆ 52 ವರ್ಷ. ಎರಡು ವರ್ಷದ ಹಿಂದೆ ವಾರಗಟ್ಟಲೆ ತಲೆನೋವು ಬಂದು, ಮೆದುಳಿನ ವೇನ್‌ನಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂದರು. ರಕ್ತ ತೆಳು ಮಾಡುವ ಮಾತ್ರೆ ಕೊಟ್ಟರು, ವಾಸಿಯಾಯಿತು. ಈಗ ಎಂಟು ತಿಂಗಳಿಂದ ಬಲಗಿವಿಯಲ್ಲಿ ಧುಸ್ ಧುಸ್ ಅಂತ ಸದ್ದು. ನಾಡಿ ಹಿಡಿದು ನೋಡಿದರೆ ಅದೇ ತಾಳ. ರಾತ್ರಿ ಮಲಗಿದರೆ ಜಾಸ್ತಿ. ಆಂಜಿಯೋಗ್ರಾಂ ಮಾಡಿ ಡ್ಯೂರಲ್ ಫಿಸ್ಟುಲಾ ಅಂದಿದ್ದಾರೆ. ಹಳೆಯ ಸ್ಕ್ಯಾನ್‌ನಲ್ಲಿ ಇದು ಇರಲಿಲ್ಲವಂತೆ. ಐವತ್ತು ದಾಟಿದ ಮೇಲೆ ತಲೆಯೊಳಗೆ ಹೊಸ ರಕ್ತನಾಳ ಹುಟ್ಟುವುದು ಹೇಗೆ? ಆ ಮಾತ್ರೆಗಳಿಂದ ಆಯಿತಾ? ನಾವೇ ಏನಾದರೂ ತಪ್ಪು ಮಾಡಿದೆವಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲ, ನೀವು ಏನೂ ತಪ್ಪು ಮಾಡಿಲ್ಲ. ಮಾತ್ರೆಯಿಂದಲೂ ಆಗಿಲ್ಲ. ಹೆಪ್ಪು ಬೆಳೆಯದಂತೆ ತಡೆದದ್ದು ಆ ಮಾತ್ರೆಯೇ. ಆದರೆ ನಿಮಗೆ ಬೇಕಾದ ಉತ್ತರದ ಅರ್ಧ ನಿಮ್ಮ ಪತ್ರದಲ್ಲೇ ಇದೆ: ಎರಡು ವರ್ಷದ ಹಿಂದಿನ ಆ ಹೆಪ್ಪು.

ಉಳಿದರ್ಧವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದು ಮನಸ್ಸಿಗೆ ಕೂತರೆ ಮುಂದೆ ಡಾಕ್ಟರು ಹೇಳುವ ಚಿಕಿತ್ಸೆಯೂ ಸುಲಭವಾಗಿ ಅರ್ಥವಾಗುತ್ತದೆ.

ಹೃದಯದಿಂದ ರಕ್ತ ತರುವ ನಾಳ ಒಂದು, ವಾಪಸು ಒಯ್ಯುವ ನಾಳ ಇನ್ನೊಂದು. ಶಾಲೆಯಲ್ಲಿ ಅಪಧಮನಿ, ಅಭಿಧಮನಿ ಅಂತ ಓದಿರುತ್ತೇವೆ. ಎರಡು ಹೆಸರೂ ಕಿವಿಗೆ ಒಂದೇ ಥರ ಕೇಳಿಸುತ್ತವೆ. ಅದಕ್ಕೆ ನಾನು ಇಲ್ಲಿ ಆರ್ಟರಿ, ವೇನ್ ಅಂತಲೇ ಬರೆಯುತ್ತೇನೆ. ಆರ್ಟರಿಯಲ್ಲಿ ಒತ್ತಡ ಜಾಸ್ತಿ, ಸರಾಸರಿ 90 ಮಿಲಿಮೀಟರ್ ಪಾದರಸದ ಆಸುಪಾಸು. ತಲೆಯೊಳಗಿನ ದೊಡ್ಡ ವೇನ್‌ಗಳಲ್ಲಿ ಅದರ ಹತ್ತರಲ್ಲಿ ಒಂದು ಪಾಲು ಇದ್ದರೆ ಹೆಚ್ಚು. ಎರಡರ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ನಾಳಗಳ ಬಲೆ ಇರುತ್ತದೆ. ರಕ್ತ ಆ ಬಲೆಯಲ್ಲಿ ಸೋಸಿಕೊಂಡು ಹೋಗುವಾಗ ಒತ್ತಡ ಇಳಿಯುತ್ತದೆ. ಫಿಸ್ಟುಲಾ ಅಂದರೆ ಈ ಬಲೆಯನ್ನು ಬಿಟ್ಟು ಆರ್ಟರಿಯ ರಕ್ತ ನೇರವಾಗಿ ವೇನ್‌ಗೆ ನುಗ್ಗುವುದು. ನಿಮ್ಮ ಹೆಂಡತಿಗೆ ಕೇಳಿಸುತ್ತಿರುವುದು ಆ ನುಗ್ಗುವ ಸದ್ದು. ಅದು ಭ್ರಮೆ ಅಲ್ಲ. ಕಿವಿಯ ಹಿಂದಿನ ಮೂಳೆಯ ಮೇಲೆ ಸ್ಟೆತಸ್ಕೋಪ್ ಇಟ್ಟರೆ ಎಷ್ಟೋ ಸಲ ನನಗೂ ಕೇಳಿಸುತ್ತದೆ.

ಇದು ಆಗುವ ಜಾಗ ಡ್ಯೂರಾ ಮೇಟರ್. ಮೆದುಳಿಗೆ ಮೂರು ಹೊದಿಕೆಗಳಿವೆ. ಎಲ್ಲಕ್ಕಿಂತ ಹೊರಗಿನದು, ತಲೆಬುರುಡೆಗೆ ಒಳಗಿನಿಂದ ಅಂಟಿಕೊಂಡಿರುವುದು ಡ್ಯೂರಾ. ಆ ಲ್ಯಾಟಿನ್ ಹೆಸರಿಗೆ 'ಗಟ್ಟಿ ತಾಯಿ' ಅಂತ ಅರ್ಥ. ಹಳೆಯ ಅರಬ್ಬಿ ವೈದ್ಯರು ಇಟ್ಟ ಹೆಸರು ಲ್ಯಾಟಿನ್‌ಗೆ ಹೋಗಿ ಹಾಗಾಯಿತು. ನನಗೆ ಬಹಳ ಇಷ್ಟವಾದ ಹೆಸರು. ನಿಜಕ್ಕೂ ಚರ್ಮದ ಹಾಗೆ ಗಟ್ಟಿ ಪೊರೆ ಅದು. ಅದರಲ್ಲಿ ಎರಡು ಪದರ. ಕೆಲವು ಕಡೆ ಈ ಪದರಗಳು ಬಿಟ್ಟುಕೊಂಡು ನಡುವೆ ಕಾಲುವೆಯಂಥ ಜಾಗ ಆಗುತ್ತದೆ. ಮೆದುಳಿನ ವೇನ್‌ಗಳೆಲ್ಲ ತಮ್ಮ ರಕ್ತವನ್ನು ಈ ಕಾಲುವೆಗಳಿಗೆ ಸುರಿಯುತ್ತವೆ. ಇವಕ್ಕೆ ಸೈನಸ್ ಅಂತಾರೆ. ಮೂಗಿನ ಪಕ್ಕದ ಸೈನಸ್ ಬೇರೆ, ಇದು ಬೇರೆ. ಒಂದು ಸೈನಸ್ ಹಣೆಯಿಂದ ನಡುನೆತ್ತಿಯ ಉದ್ದಕ್ಕೂ ಹಿಂದಲೆಗೆ ಬರುತ್ತದೆ. ಅಲ್ಲಿಂದ ಎರಡು ಪಕ್ಕಕ್ಕೂ ಟ್ರಾನ್ಸ್‌ವರ್ಸ್ ಸೈನಸ್‌ಗಳು ಹೊರಡುತ್ತವೆ. ಅವು ಕಿವಿಯ ಹಿಂದೆ ಸಿಗ್ಮಾಯ್ಡ್ ಸೈನಸ್ ಆಗಿ ಬಾಗಿ, ಕುತ್ತಿಗೆಯ ಜುಗುಲರ್ ವೇನ್‌ಗೆ ಇಳಿಯುತ್ತವೆ. ಕಿವಿಗೆ ಇಷ್ಟು ಹತ್ತಿರ ಇರುವುದರಿಂದಲೇ ಅಲ್ಲಿನ ಫಿಸ್ಟುಲಾ ಕಿವಿಯಲ್ಲಿ ಕೇಳಿಸುವುದು. ಈ ಸೈನಸ್‌ಗಳಲ್ಲಿ ಕವಾಟ ಇಲ್ಲ. ರಕ್ತ ಹಿಂದಕ್ಕೆ ತಿರುಗಿದರೆ ತಡೆಯುವವರು ಯಾರೂ ಇಲ್ಲ. ಇದನ್ನು ನೆನಪಿಡಿ, ಆಮೇಲೆ ಬೇಕಾಗುತ್ತದೆ.

ಡ್ಯೂರಾಗೂ ಅದರದ್ದೇ ಆರ್ಟರಿಗಳಿವೆ. ಅವು ಹೆಚ್ಚಾಗಿ ಮುಖ, ನೆತ್ತಿಗೆ ರಕ್ತ ಕೊಡುವ ಎಕ್ಸ್‌ಟರ್ನಲ್ ಕ್ಯಾರೊಟಿಡ್‌ನ ಕವಲುಗಳು. ಅವುಗಳಲ್ಲಿ ಮುಖ್ಯವಾದದ್ದು ಮಿಡಲ್ ಮೆನಿಂಜಿಯಲ್ ಆರ್ಟರಿ. ಒಣ ತಲೆಬುರುಡೆಯನ್ನು ಒಳಗಿನಿಂದ ನೋಡಿದರೆ ಮರದ ಕೊಂಬೆಯಂತೆ ಗೆರೆಗಳು ಕಾಣುತ್ತವೆ. ಅವು ಈ ಆರ್ಟರಿ ಕೂತಿದ್ದ ಗುರುತು. ಇವು ಮೆದುಳಿಗೆ ರಕ್ತ ಕೊಡುವುದಿಲ್ಲ, ಪೊರೆಗೆ ಮತ್ತು ಮೂಳೆಗೆ ಮಾತ್ರ.

ಈಗ ಮುಖ್ಯ ವಿಷಯ. ಡ್ಯೂರಾದಲ್ಲಿ ಆರ್ಟರಿ ಮತ್ತು ವೇನ್ ನಡುವೆ ಅತಿ ಸಣ್ಣ ನೇರ ಜೋಡಣೆಗಳು ಆರೋಗ್ಯವಂತರಲ್ಲೂ ಇರುತ್ತವೆ. 1973ರಲ್ಲಿ ಕರ್ಬರ್ ಮತ್ತು ನ್ಯೂಟನ್ ಎಂಬ ಇಬ್ಬರು ವೈದ್ಯರು ಇದನ್ನು ತೋರಿಸಿದರು. ನನ್ನಲ್ಲೂ ಇವೆ, ನಿಮ್ಮಲ್ಲೂ ಇವೆ. ಸಾಮಾನ್ಯವಾಗಿ ಅವು ಸುಮ್ಮನೆ ಮಲಗಿರುತ್ತವೆ.

ಸೈನಸ್‌ನಲ್ಲಿ ಹೆಪ್ಪು ಕಟ್ಟಿದಾಗ ಏನಾಗುತ್ತದೆ? ಕೆರೆಯ ತೂಬು ಮುಚ್ಚಿಹೋಯಿತು ಅಂದುಕೊಳ್ಳಿ. ಮೇಲಿನಿಂದ ನೀರು ಬರುತ್ತಲೇ ಇದೆ. ಮಟ್ಟ ಏರುತ್ತದೆ. ಏರಿಯಲ್ಲಿ ಎಲ್ಲೆಲ್ಲಿ ಸಣ್ಣ ಬಿಲ, ಬಿರುಕು ಇದೆಯೋ ಅಲ್ಲೆಲ್ಲ ನೀರು ಒತ್ತುತ್ತದೆ. ಹಾಗೆಯೇ ವೇನ್ ಕಡೆ ಒತ್ತಡ ಏರಿದಾಗ ಮಲಗಿದ್ದ ಆ ಸಣ್ಣ ಜೋಡಣೆಗಳು ತೆರೆದುಕೊಳ್ಳುತ್ತವೆ. ಮುಂದೆ ಹೆಪ್ಪು ಸ್ವಲ್ಪ ಕರಗಿ ದಾರಿ ಬಿಟ್ಟರೂ ತೆರೆದದ್ದು ಮುಚ್ಚುವುದಿಲ್ಲ. ಒಮ್ಮೆ ರಕ್ತ ಹರಿಯಲು ಶುರುವಾದರೆ ನಾಳ ಹಿಗ್ಗುತ್ತದೆ, ಹಿಗ್ಗಿದಷ್ಟೂ ಜಾಸ್ತಿ ಹರಿಯುತ್ತದೆ. ಇದು ಒಂದು ವಿವರಣೆ.

ಇನ್ನೊಂದು ವಿವರಣೆ ನೀವು ಕೇಳಿದ 'ಹೊಸ ನಾಳ ಹುಟ್ಟುವುದು' ಅನ್ನುವುದಕ್ಕೇ ಸಂಬಂಧಿಸಿದ್ದು. ರಕ್ತ ಹೊರಗೆ ಹೋಗಲಾಗದೆ ನಿಂತರೆ ಹೊಸ ರಕ್ತ ಒಳಗೆ ಬರುವುದೂ ಕಡಿಮೆಯಾಗುತ್ತದೆ. ಆ ಜಾಗಕ್ಕೆ ಆಮ್ಲಜನಕ ಸಾಲುವುದಿಲ್ಲ. ಉಸಿರು ಕಟ್ಟಿದ ಅಂಗಾಂಶ 'ನನಗೆ ರಕ್ತ ಬೇಕು' ಅಂತ ರಾಸಾಯನಿಕ ಕರೆ ಕಳಿಸುತ್ತದೆ. ವಿಇಜಿಎಫ್ ಅನ್ನುವುದು ಅಂಥ ಒಂದು ಪದಾರ್ಥ. ಗಾಯ ಮಾಯುವಾಗ ಹೊಸ ನಾಳ ಬೆಳೆಸುವುದೂ ಇದೇ. ಅದರ ಕರೆಗೆ ಡ್ಯೂರಾದಲ್ಲಿ ಹೊಸ ನಾಳಗಳು ಚಿಗುರುತ್ತವೆ, ಮತ್ತು ತಪ್ಪಾಗಿ ಸೈನಸ್ ಗೋಡೆಗೆ ಹೋಗಿ ಸೇರುತ್ತವೆ. ಐವತ್ತಾದರೇನು, ಎಪ್ಪತ್ತಾದರೇನು, ಹೊಸ ನಾಳ ಬೆಳೆಸುವ ಶಕ್ತಿ ದೇಹಕ್ಕೆ ಕೊನೆವರೆಗೂ ಇರುತ್ತದೆ. ಇಲ್ಲದಿದ್ದರೆ ಒಂದು ಗಾಯವೂ ಮಾಯುತ್ತಿರಲಿಲ್ಲ.

ಇದೆಲ್ಲ ಊಹೆ ಅಲ್ಲ. 1979ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು, ಇದು ಹುಟ್ಟಿನಿಂದ ಬಂದದ್ದಲ್ಲ, ಆಮೇಲೆ ಆಗುವ ಕಾಯಿಲೆ ಅಂತ ಬರೆದರು. ಅಲ್ಲಿವರೆಗೆ ಇದನ್ನು ಹುಟ್ಟಿನ ದೋಷ ಅಂತಲೇ ಬಹಳ ಜನ ನಂಬಿದ್ದರು. 1994ರಲ್ಲಿ ಜಪಾನಿನ ತೊಮೊಆಕಿ ತೆರಾಡ ಮತ್ತು ಸಂಗಡಿಗರು ಇಲಿಗಳ ಕುತ್ತಿಗೆಯಲ್ಲಿ ಆರ್ಟರಿಯನ್ನು ವೇನ್‌ಗೆ ಹೊಲಿದು, ತಲೆಯೊಳಗಿನ ವೇನ್ ಒತ್ತಡ ಏರಿಸಿದರು. ತಿಂಗಳುಗಳ ಮೇಲೆ ನೋಡಿದಾಗ ಕೆಲವು ಇಲಿಗಳಲ್ಲಿ ಹೊಸ ಫಿಸ್ಟುಲಾ ಹುಟ್ಟಿತ್ತು. ಅಲ್ಲಿ ಯಾರೂ ಡ್ಯೂರಾವನ್ನು ಮುಟ್ಟಿರಲಿಲ್ಲ. ಒತ್ತಡ ಏರಿದ್ದಷ್ಟೇ ಸಾಕಾಯಿತು. 1997ರಲ್ಲಿ ಮೈಕಲ್ ಲಾಟನ್ ತಂಡ ಒಂದು ಹೆಜ್ಜೆ ಮುಂದೆ ಹೋಗಿ, ಒತ್ತಡ ಏರಿದ ಇಲಿಗಳ ಡ್ಯೂರಾಗೆ ನಾಳ ಚಿಗುರಿಸುವ ಗುಣವೂ ಹೆಚ್ಚಿರುತ್ತದೆ ಅಂತ ತೋರಿಸಿತು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮನುಷ್ಯರ ಸೈನಸ್ ಗೋಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಅಲ್ಲಿ ಸುಮಾರು 30 ಮೈಕ್ರಾನ್ ಅಗಲದ ನಾಳಗಳು ಕಂಡವು. ಕೂದಲಿಗಿಂತ ತೆಳು. ಇಷ್ಟು ಸಣ್ಣದು ಒಂದಲ್ಲ, ಗುಂಪುಗುಂಪಾಗಿ, ಆರ್ಟರಿಯನ್ನು ವೇನ್‌ಗೆ ಸೇರಿಸಿ ಕೂತಿದ್ದವು.

ಎರಡು ವಿವರಣೆಗಳಲ್ಲಿ ಯಾವುದು ಸರಿ ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಎರಡೂ ಒಂದೇ ಕಥೆಯ ಭಾಗಗಳು. ಎರಡರ ಬೇರೂ ವೇನ್ ಕಡೆ ಏರಿದ ಒತ್ತಡದಲ್ಲೇ ಇದೆ. ಹೆಪ್ಪಿನಿಂದ ಏರಬಹುದು. ತಲೆಗೆ ಬಿದ್ದ ಪೆಟ್ಟು, ತಲೆಯ ಶಸ್ತ್ರಚಿಕಿತ್ಸೆ, ಕಿವಿಯ ಹಿಂದಿನ ಮೂಳೆಗೆ ಹರಡಿದ ಸೋಂಕು, ಸೈನಸ್ ಮೇಲೆ ಒತ್ತುವ ಗಡ್ಡೆ, ಇವುಗಳಿಂದಲೂ ಆಗಬಹುದು. ಬಹಳ ಜನರಲ್ಲಿ ಹಿಂದೆ ತಿರುಗಿ ಹುಡುಕಿದರೂ ಕಾರಣ ಸಿಗುವುದಿಲ್ಲ. ನಿಮ್ಮ ಮನೆಯಲ್ಲಿ ಅದು ಸಿಕ್ಕಿದೆ.

ಇಷ್ಟು ಹೇಳಿದ ಮೇಲೆ, ನಿಮ್ಮ ಡಾಕ್ಟರ ಹತ್ತಿರ ಹೋದಾಗ ಒಂದು ಪ್ರಶ್ನೆ ತಪ್ಪದೆ ಕೇಳಿ: 'ಈ ರಕ್ತ ಯಾವ ಕಡೆ ಹೊರಗೆ ಹೋಗುತ್ತಿದೆ?' ಫಿಸ್ಟುಲಾಗೆ ಎಷ್ಟು ಆರ್ಟರಿಗಳು ಬರುತ್ತಿವೆ ಅನ್ನುವುದು ಚಿತ್ರದಲ್ಲಿ ಹೆದರಿಸುವಂತೆ ಕಾಣಬಹುದು. ಅದಕ್ಕಿಂತ ರಕ್ತ ಎಲ್ಲಿಗೆ ಹೋಗುತ್ತದೆ ಅನ್ನುವುದು ಮುಖ್ಯ. ಸೈನಸ್‌ಗೆ ಹೋಗಿ, ಸರಿಯಾದ ದಿಕ್ಕಿನಲ್ಲಿ ಕುತ್ತಿಗೆಗೆ ಇಳಿಯುತ್ತಿದ್ದರೆ ಅಪಾಯ ತುಂಬಾ ಕಡಿಮೆ. ಸದ್ದು ಇರುತ್ತದೆ, ಕಿರಿಕಿರಿ ಇರುತ್ತದೆ, ಅಷ್ಟೇ. ಆದರೆ ಕವಾಟ ಇಲ್ಲ ಅಂದೆನಲ್ಲ? ಸೈನಸ್ ಮುಂದೆ ಮುಚ್ಚಿದ್ದರೆ ರಕ್ತ ಹಿಂದಕ್ಕೆ ತಿರುಗಿ ಮೆದುಳಿನ ಮೇಲ್ಮೈಯ ತೆಳ್ಳನೆ ವೇನ್‌ಗಳಿಗೆ ನುಗ್ಗುತ್ತದೆ. ಆ ವೇನ್‌ಗಳು ಇಂಥ ಒತ್ತಡಕ್ಕೆ ಮಾಡಿದ್ದಲ್ಲ. ಅವು ಉಬ್ಬುತ್ತವೆ, ಒಡೆಯಬಹುದು. 2002ರಲ್ಲಿ ಟೊರಾಂಟೊ ತಂಡ ಪ್ರಕಟಿಸಿದ ಲೆಕ್ಕದಲ್ಲಿ, ಹೀಗೆ ಹಿಂದಕ್ಕೆ ಹರಿಯುವುದು ಹಾಗೆಯೇ ಉಳಿದವರಲ್ಲಿ ವರ್ಷಕ್ಕೆ ನೂರರಲ್ಲಿ ಸುಮಾರು ಎಂಟು ಮಂದಿಗೆ ಮೆದುಳಿನಲ್ಲಿ ರಕ್ತಸ್ರಾವ ಆಗಿತ್ತು. 1995ರಲ್ಲಿ ಬಂದ ಬೋರ್ಡನ್ ಮತ್ತು ಕೊನ್ಯಾರ್ ವರ್ಗೀಕರಣಗಳೆರಡೂ ಹೀಗೆ ರಕ್ತ ಹೋಗುವ ದಾರಿಯನ್ನೇ ಹಿಡಿದು ಮಾಡಿದವು. ರಿಪೋರ್ಟ್‌ನಲ್ಲಿ ಈ ಹೆಸರುಗಳ ಮುಂದೆ ಒಂದು ಸಂಖ್ಯೆ ಇರುತ್ತದೆ. ಬೋರ್ಡನ್ 1 ಅಂದರೆ ನೆಮ್ಮದಿಯಿಂದ ಕೂತು ಯೋಚಿಸಲು ಸಮಯ ಇದೆ. 2 ಅಥವಾ 3 ಅಂದರೆ ಮುಂದಕ್ಕೆ ಹಾಕಬೇಡಿ.

ಪ್ರಶ್ನೆ: ಮೇಡಂ, ನಾನು ವೈದ್ಯಕೀಯ ವಿದ್ಯಾರ್ಥಿ. ಫಿಸ್ಟುಲಾಗೆ ರಕ್ತ ತರುವ ಆರ್ಟರಿಗಳನ್ನು ಕಟ್ಟಿಬಿಟ್ಟರೆ ಕೆಲಸ ಮುಗಿಯಿತಲ್ಲವೇ? ಅವು ಮೆದುಳಿಗೆ ರಕ್ತ ಕೊಡುವುದಿಲ್ಲ ಅಂತಲೂ ಓದಿದ್ದೇನೆ. ಮತ್ತೆ ಇಷ್ಟೆಲ್ಲ ಕಷ್ಟದ ಚಿಕಿತ್ಸೆ ಯಾಕೆ?

ಉತ್ತರ: ಹಿಂದಿನ ಕಾಲದ ಶಸ್ತ್ರಚಿಕಿತ್ಸಕರೂ ಹೀಗೇ ಯೋಚಿಸಿದ್ದರು ಮರಿ. ಕಟ್ಟಿದರು. ಕೆಲವು ವಾರ ಸದ್ದು ನಿಂತಿತು. ಆಮೇಲೆ ಮತ್ತೆ ಬಂತು.

ಯಾಕೆ ಅಂದರೆ ಕೆಟ್ಟಿರುವುದು ಆರ್ಟರಿ ಅಲ್ಲ. ರೋಗ ಇರುವುದು ಸೈನಸ್‌ನ ಗೋಡೆಯಲ್ಲಿ, ವೇನ್ ಶುರುವಾಗುವ ಆ ಮೊದಲ ಒಂದೆರಡು ಮಿಲಿಮೀಟರ್‌ನಲ್ಲಿ. ಅಲ್ಲಿ ಒತ್ತಡ ಕಡಿಮೆ. ಸುತ್ತಲಿನ ಎಲ್ಲ ಆರ್ಟರಿಗಳಿಗೂ ಅದು ಇಳಿಜಾರು. ಒಂದನ್ನು ಕಟ್ಟಿದರೆ ಪಕ್ಕದ್ದು ದಪ್ಪವಾಗುತ್ತದೆ. ಅದನ್ನೂ ಕಟ್ಟಿದರೆ ಎದುರು ಪಕ್ಕದಿಂದ ಇನ್ನೊಂದು ಬರುತ್ತದೆ. ಡ್ಯೂರಾದ ಆರ್ಟರಿಗಳು ಎಡ ಬಲ ಅಂತ ಇಲ್ಲದೆ ಒಂದಕ್ಕೊಂದು ಹೆಣೆದುಕೊಂಡಿವೆ. ದೊಡ್ಡ ಆರ್ಟರಿಗಳನ್ನು ಬುಡದಲ್ಲಿ ಕಟ್ಟಿ ಬಂದ ರೋಗಿಗಳನ್ನು ನಾನು ನೋಡಿದ್ದೇನೆ. ನಾವು ಕ್ಯಾತಿಟರ್ ಹಿಡಿದು ಹೋಗಬೇಕಾದ ಒಳ್ಳೆ ದಾರಿಯೇ ಮುಚ್ಚಿಹೋಗಿರುತ್ತದೆ, ಫಿಸ್ಟುಲಾ ಮಾತ್ರ ಕೂದಲೆಳೆಯಂಥ ನೂರು ನಾಳಗಳಿಂದ ರಕ್ತ ಕುಡಿಯುತ್ತಿರುತ್ತದೆ. ಅದು ನಿಜಕ್ಕೂ ಸಂಕಟದ ಚಿತ್ರ.

ಹಾಗಾಗಿ ಮುಚ್ಚಬೇಕಾದ್ದು ಆ ಜೋಡಣೆಯ ವೇನ್ ಕಡೆಯ ಕಾಲನ್ನು. ಇವತ್ತು ಹೆಚ್ಚಿನವರಿಗೆ ತೊಡೆಸಂದಿಯ ಅಥವಾ ಮಣಿಕಟ್ಟಿನ ಆರ್ಟರಿಯಿಂದ ಒಂದು ತೆಳು ನಳಿಕೆ ತೂರಿಸಿ, ಮಿಡಲ್ ಮೆನಿಂಜಿಯಲ್ ಆರ್ಟರಿಯೊಳಗೆ ಹೋಗಿ, ಅಲ್ಲಿಂದ ದ್ರವವನ್ನು ತಳ್ಳುತ್ತೇವೆ. ಓನಿಕ್ಸ್ ಅಂತ ಅದರ ಹೆಸರು. ಎಕ್ಸ್‌ರೇಯಲ್ಲಿ ಕಾಣಲಿ ಅಂತ ಟ್ಯಾಂಟಲಮ್ ಲೋಹದ ಪುಡಿ ಬೆರೆಸಿರುತ್ತಾರೆ, ಅದಕ್ಕೇ ಕಪ್ಪು. ರಕ್ತಕ್ಕೆ ತಾಗಿದ ಕಡೆ ಹೊರಗಿನಿಂದ ಗಟ್ಟಿಯಾಗುತ್ತ, ಒಳಗೆ ಮೆತ್ತಗಿದ್ದು ಲಾವಾದ ಹಾಗೆ ನಿಧಾನ ಮುಂದೆ ಹೋಗುತ್ತದೆ. ಒಂದಿಷ್ಟು ತಳ್ಳಿ, ನಿಲ್ಲಿಸಿ, ಅರ್ಧ ನಿಮಿಷ, ಒಂದು ನಿಮಿಷ ಕಾದು, ಮತ್ತೆ ತಳ್ಳುತ್ತೇವೆ. ಪರದೆಯ ಮೇಲೆ ಕಪ್ಪು ಗೆರೆ ಆರ್ಟರಿ ದಾಟಿ ವೇನ್‌ನ ಬಾಯಿಗೆ ಮುಟ್ಟಿದ್ದು ಕಾಣುವವರೆಗೆ ಯಾರೂ ಮಾತಾಡುವುದಿಲ್ಲ. ಮುಟ್ಟದೆ ಆರ್ಟರಿಯಲ್ಲೇ ನಿಂತರೆ ಹಳೆಯ ಕಾಲದ 'ಕಟ್ಟುವಿಕೆ'ಗಿಂತ ಹೆಚ್ಚೇನೂ ಆಗಿರುವುದಿಲ್ಲ. ತುಂಬಾ ಮುಂದೆ ಹೋದರೆ ಆರೋಗ್ಯವಾಗಿರುವ ವೇನ್ ಮುಚ್ಚೀತು. ಈ ದ್ರವವನ್ನು ಕರಗಿಸಲು ಬಳಸುವ ಡಿಎಂಎಸ್‌ಒ ಉಸಿರಿನಲ್ಲಿ ಹೊರಬರುವುದರಿಂದ ಒಂದೆರಡು ದಿನ ರೋಗಿಯ ಬಾಯಿ, ಮೈ ಬೆಳ್ಳುಳ್ಳಿಯ ವಾಸನೆ ಬರುತ್ತದೆ. ಮನೆಯವರು ಗಾಬರಿಯಾಗುತ್ತಾರೆ. ನೀವು ಮುಂದೆ ವೈದ್ಯರಾದಾಗ ಇದನ್ನು ಮೊದಲೇ ಹೇಳಿಬಿಡಿ.

ಕೆಲವರಲ್ಲಿ ವೇನ್ ಕಡೆಯಿಂದಲೇ ಹೋಗಿ ಪ್ಲಾಟಿನಂ ಸುರುಳಿಗಳನ್ನು ತುಂಬುತ್ತೇವೆ. ಆದರೆ ಆ ಸೈನಸ್ ಮೆದುಳಿಗೆ ಬೇಡವಾಗಿದೆ ಅಂತ ಖಾತ್ರಿ ಆಗಬೇಕು. ಮೂಗಿನ ಮೇಲ್ಭಾಗದ, ಅಂದರೆ ಮುಂದಲೆಯ ತಳದ ಫಿಸ್ಟುಲಾಗೆ ಶಸ್ತ್ರಚಿಕಿತ್ಸೆ ಇವತ್ತಿಗೂ ಒಳ್ಳೆಯ ದಾರಿ. ಅಲ್ಲೂ ಶಸ್ತ್ರಚಿಕಿತ್ಸಕರು ಮಾಡುವುದು ಇಷ್ಟೇ: ಡ್ಯೂರಾದಿಂದ ಹೊರಬರುವ ಆ ಒಂದು ವೇನ್‌ಗೆ ಕ್ಲಿಪ್ ಹಾಕುವುದು. ಆರ್ಟರಿಗಳನ್ನು ಮುಟ್ಟುವುದೂ ಬೇಕಿಲ್ಲ.

ಪ್ರಶ್ನೆ: ನಮ್ಮ ತಂದೆಗೆ 67 ವರ್ಷ. ಲೆಕ್ಕಪತ್ರದಲ್ಲಿ ಚುರುಕಾಗಿದ್ದವರು. ನಾಲ್ಕೇ ತಿಂಗಳಲ್ಲಿ ಮಂಕಾದರು. ಮಾತು ಕಡಿಮೆ, ನಡೆಯುವಾಗ ಕಾಲೆಳೆಯುತ್ತಾರೆ, ಮೊಮ್ಮಗನ ಹೆಸರು ಮರೆಯುತ್ತಾರೆ. ಮರೆವಿನ ಕಾಯಿಲೆ ಅಂದಿದ್ದರು. ಈಗ ಎಂಆರ್‌ಐ ನೋಡಿ ಫಿಸ್ಟುಲಾ ಇದೆ ಅನ್ನುತ್ತಿದ್ದಾರೆ. ಎರಡಕ್ಕೂ ಸಂಬಂಧ ಇದೆಯೇ? ಅಪ್ಪ ಮೊದಲಿನಂತೆ ಆಗುತ್ತಾರಾ?

ಉತ್ತರ: ಸಂಬಂಧ ಇರಬಹುದು ಅಮ್ಮ, ಮತ್ತು ಇದ್ದರೆ ಅದು ನಿಮಗೆ ಒಳ್ಳೆಯ ಸುದ್ದಿ.

ಮೊದಲ ಪತ್ರಕ್ಕೆ ಉತ್ತರಿಸುವಾಗ ರಕ್ತ ಹಿಂದಕ್ಕೆ ನುಗ್ಗುವ ವಿಷಯ ಹೇಳಿದೆ. ಅದು ಎಲ್ಲರಲ್ಲೂ ಒಡೆಯುವುದಿಲ್ಲ. ಕೆಲವರಲ್ಲಿ ಮೆದುಳಿನ ವೇನ್‌ಗಳೆಲ್ಲ ತುಂಬಿ ನಿಲ್ಲುತ್ತವೆ. ಹಳೆಯ ರಕ್ತ ಹೊರಗೆ ಹೋಗದೆ, ಹೊಸ ರಕ್ತಕ್ಕೆ ಜಾಗ ಸಿಗದೆ, ಮೆದುಳಿನ ಆಳದ ಬಿಳಿ ಭಾಗ ಊದಿಕೊಳ್ಳುತ್ತದೆ. ಅಲ್ಲಿನ ಜೀವಕೋಶ ಸತ್ತಿರುವುದಿಲ್ಲ, ಸೊರಗಿರುತ್ತದೆ. ಹೊರಗಿನಿಂದ ನೋಡುವವರಿಗೆ ಅದು ಮರೆವು, ನಿಧಾನ, ಮಂಕು. ಮುದಿತನದ ಮರೆವು ಸಾಮಾನ್ಯವಾಗಿ ವರ್ಷಗಳಲ್ಲಿ ಬೆಳೆಯುತ್ತದೆ. ನಿಮ್ಮ ತಂದೆಗೆ ಬಂದದ್ದು ನಾಲ್ಕು ತಿಂಗಳಲ್ಲಿ. ಈ ವೇಗ ನೋಡಿದಾಗಲೇ ನಾವು ಬೇರೆ ಕಾರಣ ಹುಡುಕಬೇಕು. ಇಂಥವರ ಎಂಆರ್‌ಐಯಲ್ಲಿ ಮೆದುಳಿನ ಮೇಲ್ಮೈ ಉದ್ದಕ್ಕೂ ಸುಕ್ಕುಸುಕ್ಕಾದ ಕಪ್ಪು ದಾರಗಳಂತೆ ಉಬ್ಬಿದ ವೇನ್‌ಗಳು ಕಾಣುತ್ತವೆ. ಕೆಲವೊಮ್ಮೆ ಆಳದ ಥಲಾಮಸ್ ಎರಡೂ ಪಕ್ಕ ಊದಿರುತ್ತದೆ.

ಮುಂದಿನ ಹೆಜ್ಜೆ ಪೂರ್ತಿ ಆಂಜಿಯೋಗ್ರಾಂ. ಎಂಆರ್‌ಐ ಸಂಶಯ ಹುಟ್ಟಿಸುತ್ತದೆ, ತೀರ್ಮಾನ ಕೊಡುವುದು ಆಂಜಿಯೋಗ್ರಾಂ. ಅದರಲ್ಲೂ ಎರಡೂ ಕಡೆಯ ಎಕ್ಸ್‌ಟರ್ನಲ್ ಕ್ಯಾರೊಟಿಡ್‌ಗಳಿಗೆ ಬೇರೆ ಬೇರೆಯಾಗಿ ಡೈ ಕೊಟ್ಟು ನೋಡಬೇಕು. ಮೆದುಳಿನ ಆರ್ಟರಿಗಳನ್ನು ಮಾತ್ರ ನೋಡಿ ಎಲ್ಲ ಸರಿ ಇದೆ ಅಂದುಬಿಟ್ಟರೆ ಫಿಸ್ಟುಲಾ ಕಣ್ಣು ತಪ್ಪಿಸಿಕೊಳ್ಳುತ್ತದೆ. ನೋಡುವಾಗ ನನ್ನ ಕಣ್ಣು ಇರುವುದು ಹೊತ್ತಿನ ಮೇಲೆ. ಡೈ ಆರ್ಟರಿಗೆ ಬಂದು ಕೆಲವು ಸೆಕೆಂಡಾದ ಮೇಲೆ ವೇನ್ ಕಾಣಬೇಕು. ಆರ್ಟರಿಯ ಜೊತೆಜೊತೆಗೇ ವೇನ್ ಕಂಡರೆ, ಅಲ್ಲಿದೆ ಜೋಡಣೆ.

ಮುಚ್ಚಿದ ಮೇಲೆ ಅಪ್ಪ ಮೊದಲಿನಂತೆ ಆಗುತ್ತಾರಾ ಅಂತ ಕೇಳಿದ್ದೀರಿ. ಬೇಗ ಮುಚ್ಚಿದವರಲ್ಲಿ ಚೇತರಿಕೆ ಚೆನ್ನಾಗಿರುತ್ತದೆ. ತಾರೀಖು ಗೊತ್ತಿಲ್ಲದವರು ಕೆಲವು ವಾರದ ಮೇಲೆ ತಾವೇ ನಡೆದುಕೊಂಡು ಬಂದು, 'ಹೋದ ಸಲ ನೀವು ಇದೇ ಬಣ್ಣದ ಸೀರೆ ಉಟ್ಟಿದ್ದಿರಿ' ಅಂದದ್ದು ನನಗೆ ನೆನಪಿದೆ. ತಡವಾದರೆ ಅಷ್ಟು ಸಿಗದೆ ಇರಬಹುದು. ಹಾಗಾಗಿ ಇದನ್ನು ಬರುವ ತಿಂಗಳಿಗೆ ಇಡಬೇಡಿ.

ಪ್ರಶ್ನೆ: ಅಮ್ಮನ ಎಡಗಣ್ಣು ಮೂರು ತಿಂಗಳಿಂದ ಕೆಂಪು. ಡ್ರಾಪ್ಸ್ ಹಾಕಿದರೂ ಹೋಗಿಲ್ಲ. ಈಚೆಗೆ ಕಣ್ಣು ಸ್ವಲ್ಪ ಮುಂದೆ ಬಂದಂತಿದೆ, ಒಂದು ವಸ್ತು ಎರಡಾಗಿ ಕಾಣುತ್ತದೆ. ಕಣ್ಣಿನ ಡಾಕ್ಟರು ಮೆದುಳಿನ ರಕ್ತನಾಳದ ಪರೀಕ್ಷೆ ಮಾಡಿಸಿ ಅಂದರು. ಕಣ್ಣಿಗೂ ಮೆದುಳಿಗೂ ಏನು ಸಂಬಂಧ?

ಉತ್ತರ: ಆ ಕಣ್ಣಿನ ಡಾಕ್ಟರಿಗೆ ನನ್ನ ನಮಸ್ಕಾರ ತಿಳಿಸಿ. ಸರಿಯಾಗಿ ಯೋಚಿಸಿದ್ದಾರೆ.

ಕಣ್ಣುಗಳ ಹಿಂದೆ, ಎರಡೂ ಪಕ್ಕ, ಕ್ಯಾವರ್ನಸ್ ಸೈನಸ್ ಅಂತ ಇದೆ. ಕಣ್ಣಿನ ವೇನ್ ತನ್ನ ರಕ್ತವನ್ನು ಅಲ್ಲಿಗೆ ಸುರಿಯುತ್ತದೆ. ಅದರ ಗೋಡೆಯಲ್ಲಿ ಫಿಸ್ಟುಲಾ ಆದರೆ ರಕ್ತ ತಿರುಗಿ ಕಣ್ಣಿಗೇ ಬರುತ್ತದೆ. ಬಿಳಿಗುಡ್ಡೆಯ ನಾಳಗಳು ಸುರುಳಿ ಸುರುಳಿಯಾಗಿ ಕಪ್ಪುಗುಡ್ಡೆಯ ಅಂಚಿನವರೆಗೂ ಉಬ್ಬುತ್ತವೆ. ಸೋಂಕಿನ ಕೆಂಪಿಗೂ ಇದಕ್ಕೂ ಇರುವ ವ್ಯತ್ಯಾಸ ಇದು: ಪಿಚ್ಚು ಇಲ್ಲ, ತುರಿಕೆ ಇಲ್ಲ, ನಾಳಗಳು ಮಾತ್ರ ದಪ್ಪ. ಆ ಸೈನಸ್ ಮೂಲಕ ಹೋಗುವ ನರ ಒತ್ತಿದರೆ ಎರಡೆರಡು ಕಾಣುತ್ತದೆ. ಕಣ್ಣಿನ ಒತ್ತಡ ಏರಿದರೆ ದೃಷ್ಟಿಗೆ ಅಪಾಯ, ಅದಕ್ಕೇ ಒತ್ತಡ ಅಳೆಸುತ್ತಿರಬೇಕು. ಮುಟ್ಟು ನಿಂತ ವಯಸ್ಸಿನ ಹೆಂಗಸರಲ್ಲಿ ಈ ಜಾಗದ ಫಿಸ್ಟುಲಾ ಜಾಸ್ತಿ. ಕೆಲವು ತಾವಾಗಿಯೇ ಮುಚ್ಚಿಕೊಳ್ಳುವುದೂ ಉಂಟು. ಆದರೆ ಅದಕ್ಕೆ ಕಾಯಬಹುದೋ ಬೇಡವೋ ಅನ್ನುವುದು ಆಂಜಿಯೋಗ್ರಾಂ ನೋಡಿದ ಮೇಲಿನ ಮಾತು. ಕುತ್ತಿಗೆಯ ನಾಳ ಒತ್ತಿ ಹಿಡಿದರೆ ವಾಸಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನೀವಾಗಿಯೇ ಮಾಡಬೇಡಿ. ವೈದ್ಯರು ಆರಿಸಿದ ಕೆಲವರಿಗೆ, ಹೇಳಿಕೊಟ್ಟ ಮೇಲೆ ಮಾತ್ರ ಅದು.

ಪ್ರಶ್ನೆ: ಕಿವಿಯಲ್ಲಿ ಸದ್ದು ಬರುವ ಎಲ್ಲರೂ ಈ ಪರೀಕ್ಷೆ ಮಾಡಿಸಬೇಕಾ? ಇದು ಮಕ್ಕಳಿಗೆ ಬರುತ್ತದಾ?

ಉತ್ತರ: ಮಕ್ಕಳ ಬಗ್ಗೆ ಚಿಂತೆ ಬೇಡ. ಇದು ಮನೆತನದಲ್ಲಿ ಇಳಿದು ಬರುವ ಕಾಯಿಲೆ ಅಲ್ಲ. ರಕ್ತ ಸುಲಭವಾಗಿ ಹೆಪ್ಪುಗಟ್ಟುವ ಗುಣ ಕೆಲವು ಕುಟುಂಬಗಳಲ್ಲಿ ಇರುತ್ತದೆ. ಅದು ಇದ್ದರೆ ಬೇರೆ ಕಾರಣಕ್ಕೂ ತಿಳಿದಿರುವುದು ಒಳ್ಳೆಯದು, ಅಷ್ಟೇ.

ಸದ್ದಿನ ವಿಷಯ ಸ್ವಲ್ಪ ಬೇರೆ. ಕೀ ಅಂತ, ಗುಂಯ್ ಅಂತ ಒಂದೇ ಸಮನೆ ಕೇಳಿಸುವ ಸದ್ದು ಬಹಳ ಜನರಿಗಿರುತ್ತದೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ನಾಡಿಯ ತಾಳಕ್ಕೆ ಸರಿಯಾಗಿ ಬರುವ ಸದ್ದು ಮಾತ್ರ ಬೇರೆ ಜಾತಿಯದು. ಅದಕ್ಕೂ ರಕ್ತಹೀನತೆ, ಕುತ್ತಿಗೆಯ ವೇನ್‌ನ ಹರಿವು ಹೀಗೆ ಹಲವು ಸಾದಾ ಕಾರಣಗಳಿವೆ. ಆದರೂ ಅದನ್ನು ಒಬ್ಬರು ಪರೀಕ್ಷಿಸಲೇಬೇಕು.

ಇದನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ತರಬೇತಿಯ ಎರಡನೇ ವರ್ಷ. ಹೊರರೋಗಿ ವಿಭಾಗದಲ್ಲಿ ಒಬ್ಬ ಮೇಷ್ಟ್ರು ಬಂದಿದ್ದರು. 'ಎಡಗಿವಿಯ ಹಿಂದೆ ಯಾರೋ ಗರಗಸ ಎಳೆದ ಹಾಗೆ ಕೇಳಿಸುತ್ತದೆ' ಅಂದರು. ಹೊರಗೆ ಸಾಲು ದೊಡ್ಡದಿತ್ತು. ನಾನು ಕಿವಿಯೊಳಗೆ ಇಣುಕಿ ನೋಡಿ, ಪರದೆ ಚೆನ್ನಾಗಿದೆ ಅಂತ ಹೇಳಿ ಕಳಿಸಿದೆ. ಸ್ಟೆತಸ್ಕೋಪ್ ನನ್ನ ಕೊರಳಲ್ಲೇ ಇತ್ತು. ಐದು ತಿಂಗಳ ಮೇಲೆ ಅವರು ಫಿಟ್ಸ್ ಬಂದು ದಾಖಲಾದರು. ಮೆದುಳಿನ ಪಕ್ಕದಲ್ಲಿ ಸಣ್ಣ ರಕ್ತಸ್ರಾವ ಆಗಿತ್ತು. ಚಿಕಿತ್ಸೆ ಸಿಕ್ಕಿತು, ಬದುಕಿದರು, ಮಾತು ಮಾತ್ರ ತಡವರಿಸುತ್ತಲೇ ಉಳಿಯಿತು. ಅವರ ಕಿವಿಯ ಹಿಂದೆ ಸ್ಟೆತಸ್ಕೋಪ್ ಇಟ್ಟಿದ್ದರೆ ಹದಿನೈದು ಸೆಕೆಂಡಿನ ಕೆಲಸ. ಅಂದಿನಿಂದ ಇಂಥ ದೂರು ಹೇಳಿದ ಒಬ್ಬರನ್ನೂ ನಾನು ಕಿವಿಗೊಟ್ಟು ಕೇಳದೆ ಕಳಿಸಿಲ್ಲ. ನಿಮ್ಮ ಡಾಕ್ಟರು ಮರೆತರೆ ನೀವೇ ಕೇಳಿ: 'ಸ್ವಲ್ಪ ಇಲ್ಲಿ ಇಟ್ಟು ನೋಡ್ತೀರಾ?' ಅದರಲ್ಲಿ ಸಂಕೋಚ ಬೇಡ.

ಪ್ರಶ್ನೆ: ನನಗೆ ಒಂದು ವರ್ಷದಿಂದ ಈ ಫಿಸ್ಟುಲಾ ಇದೆ. ಅಪಾಯ ಇಲ್ಲ, ನೋಡುತ್ತಿರೋಣ ಅಂದಿದ್ದರು. ಹೋದ ವಾರ ಬೆಳಿಗ್ಗೆ ಎದ್ದಾಗ ಸದ್ದು ಪೂರ್ತಿ ನಿಂತಿತ್ತು. ತುಂಬಾ ಖುಷಿಯಾಗಿದೆ. ಮುಂದಿನ ತಿಂಗಳ ಸ್ಕ್ಯಾನ್ ರದ್ದು ಮಾಡಬಹುದಾ?

ಉತ್ತರ: ಬೇಡ. ರದ್ದು ಮಾಡುವುದಲ್ಲ, ಹಿಂದಕ್ಕೆ ತಂದು ಈ ವಾರವೇ ಮಾಡಿಸಿ.

ಸದ್ದು ತಾನಾಗಿ ನಿಲ್ಲಲು ಎರಡು ಕಾರಣ. ಒಂದು, ಫಿಸ್ಟುಲಾ ತಾನಾಗಿಯೇ ಹೆಪ್ಪುಗಟ್ಟಿ ಮುಚ್ಚಿಕೊಂಡಿರಬಹುದು. ಹಾಗೆ ಆಗುತ್ತದೆ, ನಿಮಗೂ ಹಾಗೇ ಆಗಿರಲಿ ಅಂತ ಹಾರೈಸುತ್ತೇನೆ. ಇನ್ನೊಂದು, ಜೋಡಣೆ ಹಾಗೇ ಇದ್ದು, ರಕ್ತ ಕುತ್ತಿಗೆಗೆ ಇಳಿಯುತ್ತಿದ್ದ ಸೈನಸ್ ಮುಚ್ಚಿರಬಹುದು. ಆಗ ಕಿವಿಯ ಪಕ್ಕದ ಹರಿವು ನಿಲ್ಲುತ್ತದೆ, ಸದ್ದೂ ನಿಲ್ಲುತ್ತದೆ. ಆದರೆ ಅದೇ ರಕ್ತ ಈಗ ಮೆದುಳಿನ ವೇನ್‌ಗಳ ಕಡೆ ತಿರುಗಿರುತ್ತದೆ. ಅಪಾಯ ಇಲ್ಲದ್ದು ಅಪಾಯದ್ದಾಗುವುದು ಹೀಗೇ. ಎರಡೂ ನಿಮಗೆ ಒಂದೇ ಥರ ಅನಿಸುತ್ತವೆ, ಚಿತ್ರ ತೆಗೆಯದೆ ನಮಗೂ ಬೇರೆ ಮಾಡಿ ಹೇಳಲು ಬರುವುದಿಲ್ಲ. ಸದ್ದು ಒಮ್ಮೆಲೇ ಜಾಸ್ತಿಯಾದರೂ, ಜಾಗ ಬದಲಾದರೂ ಇದೇ ಮಾತು. ನಾಳೆ ಬೆಳಿಗ್ಗೆ ಫೋನ್ ಮಾಡಿ, ಸದ್ದು ನಿಂತ ದಿನ ಯಾವುದು ಅಂತ ಅವರಿಗೆ ಸರಿಯಾಗಿ ತಿಳಿಸಿ. ಅದರ ಮೊದಲೇ ಹಿಂದೆಂದೂ ಕಾಣದಂಥ ತಲೆನೋವು, ವಾಂತಿ, ಫಿಟ್ಸ್, ಮಾತು ತೊದಲುವುದು, ಕೈಕಾಲು ಸೋಲುವುದು, ಕಣ್ಣು ಮಂಜಾಗುವುದು, ಇವುಗಳಲ್ಲಿ ಒಂದಾದರೂ ಕಂಡರೆ ಫೋನ್‌ಗೂ ಕಾಯದೆ ನೇರ ತುರ್ತು ಚಿಕಿತ್ಸೆಗೆ ಹೋಗಿ. ಹಳೆಯ ಆಂಜಿಯೋಗ್ರಾಂನ ಸಿಡಿ ಜೊತೆಯಲ್ಲಿರಲಿ.